ಬೀಗದಕ್ಕನ ಆಲೂಗಡ್ಡೆ ಚೀಲ

ಬೆಳಗಿನ ಆರೂಕಾಲು ಗಂಟೆ. ಮಂಜು ಇನ್ನೂ ಬೆಟ್ಟದ ಸೊಂಟ ಬಿಟ್ಟಿಲ್ಲ. ನೂರ ಹದಿನೇಳನೆಯ ಮೆಟ್ಟಿಲ ಮೇಲೆ ನಿಂತ ಹೆಂಗಸು ಸ್ವೆಟರಿನ ಜೇಬಿನಿಂದ ಕೀಲಿಗಳ ಗೊಂಚಲನ್ನು ಎಳೆದು, ಇಪ್ಪತ್ತಮೂರರಲ್ಲಿ ಬೇಕಾದ ಒಂದನ್ನು ನೋಡದೆಯೇ ಆರಿಸಿ, ಬಾಗಿಲಿಗೆ ಹೆಗಲು ಕೊಟ್ಟು ನೂಕುತ್ತಾರೆ. ನಾಲ್ಕು ತಿಂಗಳಿಂದ ಯಾರೂ ಇಲ್ಲದ ಮನೆ. ಒಳಗಿನ ಮುಗ್ಗಲು ವಾಸನೆ ಎದುರುಗೊಳ್ಳಲು ಬಂದಂತೆ ಹೊಸ್ತಿಲಿಗೇ ಬರುತ್ತದೆ.

"ಏಳಮ್ಮಾ, ಬೆಳಕಾಯ್ತು" ಎನ್ನುತ್ತಾರೆ. ಮಾತು ಮನೆಯೊಂದಿಗೆ.

ಒಂದೊಂದಾಗಿ ಕಿಟಕಿ ತೆರೆಯುತ್ತಾರೆ. ನಲ್ಲಿ ತಿರುಗಿಸಿ, ಕಂದು ನೀರು ಹೋಗಿ ತಿಳಿ ನೀರು ಬರುವವರೆಗೆ ಕಾಯುತ್ತಾರೆ. ಆಮೇಲೆ ಜ್ವರ ನೋಡುವವರಂತೆ ಗೋಡೆಯ ಮೇಲೆ ಅಂಗೈ ಇಡುತ್ತಾರೆ. "ನಾಲ್ಕು ಗೋಡೇಲಿ ಒಂದಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ರೆ ಆ ಗೋಡೆನ ನಂಬಬೇಡಿ. ಮುಖಕ್ಕೆ ಪೌಡರ್ ಜಾಸ್ತಿ ಆಗಿದೆ ಅಂದ್ರೆ ರಾತ್ರಿ ಅತ್ತಿದ್ದಾಳೆ ಅಂತ ತಿಳ್ಕೊಳ್ಳಿ" ಎಂದು ಜೊತೆಗೆ ಬಂದ ನನ್ನತ್ತ ತಿರುಗಿ ನಗುತ್ತಾರೆ.

ಈ ಬೆಟ್ಟದೂರಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಬೀಗದಕ್ಕ ಎಂದೇ. ವಯಸ್ಸು ನಲವತ್ತೊಂಬತ್ತು. ಮನೆ ಮಾರಿಸಿಕೊಡುವ ಕಚೇರಿಯೊಂದರಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಮಾರಾಟಕ್ಕಿರುವ ಖಾಲಿ ಮನೆಗಳಿಗೆ ಸರದಿಯಂತೆ ಗಾಳಿ ಬೆಳಕು ಕಾಣಿಸುವುದು, ಕೊಳ್ಳಲು ಬಂದವರಿಗೆ ತೋರಿಸುವುದು. ಕಾಗದಪತ್ರಕ್ಕೆ ಸಹಿ ಬೀಳುವ ದಿನದ ಫೋಟೊದಲ್ಲಿ ಕಚೇರಿಯ ಯಜಮಾನರಿರುತ್ತಾರೆ, ಕೊಂಡವರಿರುತ್ತಾರೆ. ಆ ಹೊತ್ತಿಗೆ ಬೀಗದಕ್ಕ ಇನ್ನೆಲ್ಲೋ ಒಂದು ನಲ್ಲಿ ತಿರುಗಿಸಿ ತಿಳಿ ನೀರಿಗೆ ಕಾಯುತ್ತಿರುತ್ತಾರೆ.

ಇಲ್ಲಿನವರು ತಮ್ಮ ಬಡಾವಣೆಗಳನ್ನು ಬೆಟ್ಟದ ಮೈ ನೋಡಿ ಗುರುತಿಸುತ್ತಾರೆ. ತುದಿಯಲ್ಲಿರುವುದು ನೆತ್ತಿ, ನಡುವಿನದು ಸೊಂಟ, ಹೊಳೆಯ ಪಕ್ಕದ್ದು ಪಾದ. ನೆತ್ತಿಯಲ್ಲಿ ಕಾರು ಹೋಗುವ ಕಡೆ ಎರಡು ಕೋಣೆಯ ಮನೆಗೆ ತೊಂಬತ್ತು ಲಕ್ಷ. ಅದೇ ನೆತ್ತಿಯಲ್ಲಿ ಬರೀ ಮೆಟ್ಟಿಲಿರುವ ಮಗ್ಗುಲಿಗೆ ಬಂದರೆ ನಲವತ್ತು. ಸೊಂಟದಲ್ಲಿ ಅಂಗಡಿ, ಶಾಲೆ, ಆಸ್ಪತ್ರೆ ಎಲ್ಲವೂ ಇರುವುದರಿಂದ ರಸ್ತೆ ಬದಿಯ ಬೆಲೆ ಕೇಳಿದರೆ ಮೆಟ್ಟಿಲು ಹತ್ತದೆಯೇ ಏದುಸಿರು ಬರುತ್ತದೆ. ಪಾದ ಅಗ್ಗ. ಬಸ್ ನಿಲ್ದಾಣ ಹತ್ತಿರ, ನೆಲ ಸಮತಟ್ಟು. ಆದರೆ ಚಳಿಗಾಲದಲ್ಲಿ ಅಲ್ಲಿಗೆ ಬಿಸಿಲು ಬರುವುದು ಹತ್ತೂವರೆಗೆ, ಹೊರಡುವುದು ಎರಡಕ್ಕೆ. "ಸರ್ಕಾರಿ ಆಫೀಸಿನ ಸಾಹೇಬರ ಥರ" ಎನ್ನುತ್ತಾರೆ ಬೀಗದಕ್ಕ.

ಅವರ ಬಳಿ ಒಂದು ನೋಟ್‌ಬುಕ್ ಇದೆ. ಮನೆಗೊಂದು ಪುಟ. ಮೆಟ್ಟಿಲೆಷ್ಟು, ಬಿಸಿಲು ಎಷ್ಟು ಗಂಟೆಗೆ ಯಾವ ಕಿಟಕಿಗೆ, ನೀರು ಯಾವಾಗ, ಅಡುಗೆ ಸಿಲಿಂಡರ್ ಹೊರುವವನು ಮೇಲೆ ಬರಲು ಎಷ್ಟು ಕೇಳುತ್ತಾನೆ, ಪಕ್ಕದ ಮನೆಯವರು ಜೋರಾಗಿ ಮಾತಾಡುತ್ತಾರೋ ಮೆಲ್ಲಗೋ. "ಚದರಡಿ ಲೆಕ್ಕ ಯಜಮಾನ್ರದ್ದು, ಮೆಟ್ಟಿಲ ಲೆಕ್ಕ ನಂದು. ಜನ ಚದರಡಿ ನೋಡಿ ಮನೆ ತಗೋತಾರೆ, ಮೆಟ್ಟಿಲು ನೋಡಿ ಮನೆ ಬಿಡ್ತಾರೆ." ಅವರ ದಿನದ ಲೆಕ್ಕ ಕೇಳಿ: ಬೆಳಗ್ಗೆ ಎಂಟು ಮನೆ, ಮಧ್ಯಾಹ್ನದ ಹೊತ್ತಿಗೆ ಹತ್ತಿಳಿದ ಮೆಟ್ಟಿಲು ಸಾವಿರದ ಎಂಟುನೂರು, ಐದು ತಿಂಗಳಿಗೊಂದು ಜೊತೆ ಬೂಟು.

ಹತ್ತು ಗಂಟೆಗೆ ಗಿರಾಕಿಗಳು ಬರುತ್ತಾರೆ. ಹೊಸದಾಗಿ ನಿವೃತ್ತರಾದ ಬ್ಯಾಂಕ್ ಮ್ಯಾನೇಜರ್ ಮತ್ತು ಅವರ ಹೆಂಡತಿ. ನೆತ್ತಿಯ ನಲವತ್ತು ಲಕ್ಷದ ಮನೆ ಅವರ ಕಣ್ಣಿಗೆ ಬಿದ್ದಿದೆ. ಬೀಗದಕ್ಕ ಮೊದಲು ಮೆಟ್ಟಿಲ ಬುಡದ ಅಂಗಡಿಯಿಂದ ಎರಡು ಚೀಲ ತರುತ್ತಾರೆ. ತಲಾ ಐದು ಕಿಲೋ ಆಲೂಗಡ್ಡೆ.

"ಇದೇನಮ್ಮಾ?"

"ನಿಮ್ಮ ವಾರದ ತರಕಾರಿ, ಸಾರ್. ಕೈ ಬೀಸ್ಕೊಂಡು ಹತ್ತಿದ್ರೆ ಬೆಟ್ಟ, ಚೀಲ ಹಿಡ್ಕೊಂಡು ಹತ್ತಿದ್ರೆ ಮನೆ. ನೀವು ತಗೊಳ್ಳೋದು ಮನೆ ತಾನೆ?"

ಮ್ಯಾನೇಜರು ನಗುತ್ತಾ ಎರಡೂ ಚೀಲ ಎತ್ತಿಕೊಳ್ಳುತ್ತಾರೆ. ಐವತ್ತನೇ ಮೆಟ್ಟಿಲವರೆಗೆ ಕಣಿವೆಯ ನೋಟವನ್ನು ಹೊಗಳುತ್ತಾರೆ. ಎಂಬತ್ತಕ್ಕೆ ಹೊಗಳಿಕೆ ನಿಲ್ಲುತ್ತದೆ. ನೂರಕ್ಕೆ ಅವರೇ ನಿಲ್ಲುತ್ತಾರೆ. "ಆಲೂಗಡ್ಡೆ ಇಷ್ಟೊಂದು ತಿನ್ನಲ್ಲ ಕಣಮ್ಮಾ ನಾವು" ಎನ್ನುತ್ತಾರೆ, ಉಸಿರು ಸಿಕ್ಕಷ್ಟರಲ್ಲಿ.

"ತಿಂದಿದ್ದು ಗೊತ್ತಿರುತ್ತೆ, ಹೊತ್ತಿದ್ದು ಗೊತ್ತಿರಲ್ಲ" ಎಂದು ಅವರ ಹೆಂಡತಿ ಮೊದಲ ಬಾರಿಗೆ ಬಾಯಿ ಬಿಡುತ್ತಾರೆ. ಮೂವತ್ತು ವರ್ಷದ ಚೀಲಗಳೆಲ್ಲ ಆ ಒಂದು ಮಾತಿನಲ್ಲಿರುತ್ತವೆ.

ಬೀಗದಕ್ಕನ ಇನ್ನೊಂದು ನಿಯಮ ಇನ್ನೂ ಕಟ್ಟುನಿಟ್ಟಿನದು. ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೋ ಅವರು ಬಂದು ನೋಡಲೇಬೇಕು, ಐದು ನಿಮಿಷ ಒಬ್ಬರೇ ಒಳಗೆ ನಿಲ್ಲಬೇಕು. ಬೆಲೆ ಮಾತಾಡುವುದು ಆಮೇಲೆ. ಗಂಡಸರು ಮಾತ್ರ ಬಂದರೆ ವಾಪಸು ಕಳಿಸಿದ್ದೂ ಉಂಟು. "ಸುಮ್ನೆ ಹಟಕ್ಕೆ ಹೇಳ್ತಿಲ್ಲ. ಬೆಳಗ್ಗೆ ಹೋಗಿ ರಾತ್ರಿ ಬರೋನಿಗೆ ಮನೆ ಅಂದ್ರೆ ಹಾಸಿಗೆ. ಹಗಲೆಲ್ಲ ಇರೋರಿಗೆ ಅದೇ ಪ್ರಪಂಚ. ಪ್ರಪಂಚ ಹೇಗಿದೆ ಅಂತ ಅವರನ್ನಲ್ವಾ ಕೇಳ್ಬೇಕು?" ಇದಕ್ಕೆ ಯಜಮಾನರ ಗೊಣಗಾಟ ಇದ್ದೇ ಇದೆ: "ಬೀಗದಕ್ಕನ ಕೈಯಲ್ಲಿ ಮನೆ ಮಾರಿಸೋದಂದ್ರೆ ಬೆಕ್ಕಿನ ಕೈಯಲ್ಲಿ ಹಾಲು ಹಂಚಿಸಿದ ಹಾಗೆ ಅನ್ಕೊಂಡಿದ್ದೆ. ಹಾಗಲ್ಲ. ಇದು ಹಾಲು ಕೊಡೋ ಮುಂಚೆ ನೀರೆಷ್ಟಿದೆ ಅಂತ ಹೇಳೋ ಬೆಕ್ಕು." ಆದರೂ ಹನ್ನೊಂದು ವರ್ಷದಿಂದ ಅವರನ್ನು ಬಿಟ್ಟಿಲ್ಲ. ಬೀಗದಕ್ಕ ತೋರಿಸಿದ ಮನೆ ಕೊಂಡವರು ಹಿಂತಿರುಗಿ ಬಂದು ಜಗಳವಾಡುವುದಿಲ್ಲ. ತಮ್ಮ ತಂಗಿಯರಿಗೆ, ಷಡ್ಡಕರಿಗೆ ಇದೇ ಕಚೇರಿಯ ದಾರಿ ತೋರಿಸುತ್ತಾರೆ.

ಮ್ಯಾನೇಜರ ಹೆಂಡತಿ ಐದು ನಿಮಿಷ ಎಂದು ಒಳಗೆ ಹೋದವರು ಹದಿನೈದು ನಿಮಿಷಕ್ಕೆ ಹೊರಗೆ ಬರುತ್ತಾರೆ. "ಮನೆ ಚೆನ್ನಾಗಿದೆ. ನಾವು ಸೊಂಟದಲ್ಲಿ ಬಾಡಿಗೆಗೆ ಇರೋಣ" ಎನ್ನುತ್ತಾರೆ. ಕೆಳಗಿಳಿಯುವಾಗ ಚೀಲ ಹೊರುವುದು ಬೀಗದಕ್ಕ.

ಇಷ್ಟೆಲ್ಲ ಮನೆ ಕೊಡಿಸಿದವರು ತಾವಿರುವುದು ಬಾಡಿಗೆ ಮನೆಯಲ್ಲಿ. ಮದುವೆಯಾಗಿ ಬಂದ ಇಪ್ಪತ್ತಾರು ವರ್ಷದಲ್ಲಿ ಒಂಬತ್ತನೆಯದು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮೊದಲು ಬೀಗದಕ್ಕ ಮಾರಾಟವಾದ ಮನೆಗಳನ್ನು ತೊಳೆಯುವ ಕೆಲಸಕ್ಕೆ ಹೋಗುತ್ತಿದ್ದರು. "ನೆಲ ಒರೆಸೋವಾಗ ಎಲ್ಲಾ ಗೊತ್ತಾಗುತ್ತೆ. ಬಿಸಿಲೆಲ್ಲಿ ಬೀಳುತ್ತೆ, ಯಾವ ಮೂಲೆ ಬೆವರುತ್ತೆ. ಹಾಗೆ ಕಲಿತಿದ್ದು." ಪ್ರತಿ ಸಲ ಬಾಡಿಗೆ ಮನೆ ಬಿಡುವಾಗಲೂ ಅದನ್ನು ತಾವೇ ತೊಳೆದು, ಕೀಲಿ ಒಪ್ಪಿಸಿ ಬಂದಿದ್ದಾರೆ. ಈಗ ಬ್ಯಾಂಕ್ ಸಾಲ ಮಂಜೂರಾಗಿದೆ. ಪಾದದಲ್ಲಿ ಮೂವತ್ತೊಂದು ಲಕ್ಷಕ್ಕೆ ಒಂದು ಮನೆ ನೋಡಿದ್ದಾರೆ. ಶನಿವಾರ ಮಧ್ಯಾಹ್ನದೊಳಗೆ ಹೂಂ ಅನ್ನಬೇಕು. ಇವತ್ತು ಗುರುವಾರ.

"ಅತ್ತೆ ಮಂಡಿಗೋಸ್ಕರ ಪಾದ. ಒಂದು ಮೆಟ್ಟಿಲೂ ಇಲ್ಲ" ಎಂದು ಸಂಜೆ ಮನೆಗೆ ಹೋಗುವಾಗ ಹೇಳುತ್ತಾರೆ. ಅತ್ತೆಗೆ ಎಪ್ಪತ್ತಾರು.

ಆ ಅತ್ತೆ ಒಂದೇ ಕಿಟಕಿಯ ಕೋಣೆಯಲ್ಲಿ, ಎದುರು ಮನೆಯ ಗೋಡೆಗೆ ಮುಖ ಮಾಡಿ ಕೂತು ಬಟಾಣಿ ಸುಲಿಯುತ್ತಿದ್ದಾರೆ. ಪತ್ರಿಕೆಗೆ ಸೊಸೆಯ ಬಗ್ಗೆ ಬರೆಯುತ್ತಾರಂತೆ ಎಂದು ಕೇಳಿ ಖುಷಿಯಾಗಿ ಒಂದು ಹಿಡಿ ಬಟಾಣಿ ನನ್ನ ಕೈಗೂ ಹಾಕುತ್ತಾರೆ.

"ಬರೀರಿ, ಬರೀರಿ. ಊರವರ ಅತ್ತೆಯಂದಿರನ್ನೆಲ್ಲ ಕೈ ಹಿಡಿದು ಕರ್ಕೊಂಡು ಹೋಗಿ ಮನೆ ತೋರಿಸ್ತಾಳೆ. ನನಗೆ ಮಾತ್ರ ಬೀಗ."

ಚಹಾ ಸೋಸುತ್ತಿದ್ದ ಬೀಗದಕ್ಕನ ಕೈ ನಿಲ್ಲುತ್ತದೆ. "ನಿಮಗೆ ಕಾಲು ನೋವು ಅಂತ..."

"ಕಾಲು ನೋವು ಕಣೇ. ಕಣ್ಣು ನೆಟ್ಟಗಿದೆ."

ಡಿಪೋದಿಂದ ಬಂದು ಕೂತಿದ್ದ ಬೀಗದಕ್ಕನ ಗಂಡ ತಲೆ ತಗ್ಗಿಸಿ ಬಟಾಣಿಯ ಸಿಪ್ಪೆ ಎಣಿಸುವವರಂತೆ ಕೂರುತ್ತಾರೆ. ಬೀಗದಕ್ಕ ನೋಟ್‌ಬುಕ್ ತೆಗೆದು ಪಾದದ ಮನೆಯ ಪುಟ ತೆರೆಯುತ್ತಾರೆ. ಮೆಟ್ಟಿಲು: ಸೊನ್ನೆ. ನೀರು: ಎರಡೂ ಹೊತ್ತು. ಎಲ್ಲ ಸರಿಯಾಗಿಯೇ ಇದೆ. ಹಗಲು ಮನೆಯಲ್ಲಿರುವವರು ನೋಡಿದರೇ ಎಂಬಲ್ಲಿ ಮಾತ್ರ ಏನೂ ಬರೆದಿಲ್ಲ. ನಾವು ಹೆಂಗಸರು ಪ್ರೀತಿಸುವವರ ಪರವಾಗಿ ಎಷ್ಟು ಬೇಗ ನಿರ್ಧಾರ ಮಾಡಿಬಿಡುತ್ತೇವೆ! ಅವರ ನೋವು ನಮಗೆ ಬಾಯಿಪಾಠ. ಅದಕ್ಕೇ ಅವರ ಆಸೆ ಕೇಳುವುದು ಮರೆತುಹೋಗುತ್ತದೆ.

"ನಾಳೆ ರಜಾ ಹಾಕ್ತೀನಿ" ಎನ್ನುತ್ತಾರೆ ಬೀಗದಕ್ಕ.

ಶುಕ್ರವಾರ ಬೆಳಗ್ಗೆ ಹತ್ತು ಗಂಟೆ. ಪಾದದ ಮನೆಯೊಳಗೆ ಅತ್ತೆ ಒಬ್ಬರೇ ಐದು ನಿಮಿಷ ನಿಲ್ಲುತ್ತಾರೆ. ಹಗಲಲ್ಲೂ ದೀಪ ಉರಿಯುತ್ತಿದೆ. ಹೊರಗೆ ಬಂದು ಶಾಲಿನ ಅಂಚು ಸರಿಮಾಡಿಕೊಳ್ಳುತ್ತಾರೆ.

"ಹೇಗಿದೆ ಅತ್ತೆ?"

"ಚೆನ್ನಾಗಿದೆ. ಬಾವಿ ಚೆನ್ನಾಗಿರಲ್ವಾ, ಹಾಗೆ ಚೆನ್ನಾಗಿದೆ."

ಬೀಗದಕ್ಕ ನಗು ತಡೆದುಕೊಳ್ಳಲಾರರು. ಪಟ್ಟಿಯಲ್ಲಿ ಇನ್ನೊಂದು ಮನೆ ಇರುವುದನ್ನು ಆಗ ಬಾಯಿಬಿಡುತ್ತಾರೆ. ಸೊಂಟದ ಹಿಂಬದಿಯ ಓಣಿಯಲ್ಲಿ, ಮೂವತ್ತಮೂರು ಲಕ್ಷ, ಪಾದದ್ದಕ್ಕಿಂತ ಒಂದು ಕೋಣೆ ಚಿಕ್ಕದು. ರಸ್ತೆಯಿಂದ ಅರವತ್ತನಾಲ್ಕು ಮೆಟ್ಟಿಲು. ಆ ಸಂಖ್ಯೆ ನೋಡಿಯೇ ಆ ಪುಟವನ್ನು ಅವರು ಮಡಚಿಟ್ಟಿದ್ದರು.

"ನಡಿ" ಎನ್ನುತ್ತಾರೆ ಅತ್ತೆ. ಮೆಟ್ಟಿಲ ಬುಡದಲ್ಲಿ ನಿಂತು ಕೈ ಚಾಚುತ್ತಾರೆ. "ಎಲ್ಲಿ ಚೀಲ?"

"ಅಯ್ಯೋ ಅತ್ತೆ, ನಿಮಗೆ ಬೇಡ!"

"ನಿಯಮ ಅಂದ್ರೆ ನಿಯಮ ಕಣೇ. ನಾಳೆ ಯಾರಾದ್ರೂ ಅತ್ತೆಗೊಂದು ಊರಿಗೊಂದು ಅಂದ್ರೆ?" ಎಂದು ಪಕ್ಕದ ಅಂಗಡಿಯ ಆಲೂಗಡ್ಡೆ ಚೀಲಕ್ಕೆ ಕೈ ಹಾಕಿ ಒಂದೇ ಒಂದು ಆಲೂಗಡ್ಡೆ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾರೆ.

ಅರವತ್ತನಾಲ್ಕು ಮೆಟ್ಟಿಲಿಗೆ ಇಪ್ಪತ್ತಾರು ನಿಮಿಷ. ನಡುವೆ ಮೂರು ಕಡೆ ಕೂರುತ್ತಾರೆ. ಮೊದಲ ಸಲ ಕೂತಾಗ ಇಳಿದು ಬರುತ್ತಿದ್ದ ಪೋಸ್ಟ್‌ಮ್ಯಾನ್ ಪರಿಚಯವಾಗುತ್ತಾನೆ. ಎರಡನೆಯ ಸಲ ಟೈಲರ್ ಅಂಗಡಿಯವಳು ಸ್ಟೂಲು ತಂದು ಹಾಕುತ್ತಾಳೆ. ಅವಳ ಮಗಳಿಗೆ ಗಂಡು ಹುಡುಕುತ್ತಿರುವುದು ನಾಲ್ಕೇ ನಿಮಿಷದಲ್ಲಿ ಹೊರಬರುತ್ತದೆ. ಮೂರನೆಯ ಸಲ ಕೂತಾಗ ಬೀಗದಕ್ಕ ಅತ್ತೆಯ ಮಂಡಿ ನೀವುತ್ತಾ, "ಸಾಕು, ಇಳಿಯೋಣ" ಎನ್ನುತ್ತಾರೆ. ಸೊಸೆಯ ಕಣ್ಣಲ್ಲಿ ನೀರಾಡುವುದು ಆಗಲೇ. ಅತ್ತೆ ಆಲೂಗಡ್ಡೆಯನ್ನು ಕೈ ಬದಲಿಸಿ ಏಳುತ್ತಾರೆ.

ಮನೆ ಚಿಕ್ಕದು ನಿಜ. ಆದರೆ ಮುಂದಿನ ಕೋಣೆಯ ಕಿಟಕಿ ಮೆಟ್ಟಿಲುಗಳಿಗೇ ತೆರೆದುಕೊಳ್ಳುತ್ತದೆ, ಬಿಸಿಲು ಏಳೂವರೆಯಿಂದ ನಾಲ್ಕರವರೆಗೆ ಅಲ್ಲೇ ಠಿಕಾಣಿ ಹೂಡುತ್ತದೆ. ಅತ್ತೆಯನ್ನು ಒಬ್ಬರೇ ಬಿಟ್ಟು ಸೊಸೆ ಹೊರಗೆ ನಿಲ್ಲುತ್ತಾರೆ. ಐದು ನಿಮಿಷ. ಹತ್ತು. ಇಣುಕಿದರೆ ಅತ್ತೆ ಕಿಟಕಿಯ ಕಟ್ಟೆಯ ಮೇಲೆ, ಬಿಸಿಲಿಗೆ ಕಾಲು ಚಾಚಿ, ಕೆಳಗಿನಿಂದ ಬರುತ್ತಿದ್ದ ಯಾರನ್ನೋ "ಸೊಪ್ಪು ಎಷ್ಟಕ್ಕೆ ತಂದ್ರಿ?" ಎಂದು ವಿಚಾರಿಸುತ್ತಿದ್ದಾರೆ.

"ಹತ್ತಿದ್ದಾಯ್ತು ಅತ್ತೆ. ದಿನಾ ಇಳಿಯೋದು ಹೇಗೆ?"

"ದಿನಾ ಯಾಕೆ ಇಳೀಲಿ? ತಿಂಗಳಿಗೊಂದು ಸಲ ಆಸ್ಪತ್ರೆಗೆ ಇಳಿದ್ರಾಯ್ತು, ಅದಕ್ಕೂ ಟೈಲರ್ ಹತ್ರ ಸ್ಟೂಲಿದೆ. ಉಳಿದ ದಿನ ಇಲ್ಲಿ ಕೂತ್ರೆ ಊರೇ ನನ್ನ ಮುಂದೆ ಹತ್ತಿ ಇಳಿಯುತ್ತೆ. ಮಂಡಿ ಅವರದ್ದು, ನೋಟ ನಂದು."

ಶನಿವಾರ ಬೆಳಗ್ಗೆಯೇ ಬೀಗದಕ್ಕ ಪಾದದ ಮನೆಯವರಿಗೆ ಬೇಡವೆಂದು ತಿಳಿಸಿ, ಸೊಂಟದ ಮನೆಗೆ ಹೂಂ ಅನ್ನುತ್ತಾರೆ. ಎರಡು ಲಕ್ಷ ಹೆಚ್ಚಿಗೆ ಹೊಂದಿಸಬೇಕು. ಗಂಡ ಡಿಪೋದಲ್ಲಿ ಹೆಚ್ಚುವರಿ ಪಾಳಿಗೆ ಹೆಸರು ಕೊಟ್ಟಿದ್ದಾರೆ. ಯಜಮಾನರು ತಮ್ಮ ದಲ್ಲಾಳಿ ಕಮಿಷನ್ನಿನಲ್ಲಿ ಅರ್ಧ ಬಿಟ್ಟಿದ್ದಾರೆ. ಬಿಟ್ಟಿದ್ದನ್ನು ಬೆಳಗ್ಗೆಯಿಂದ ಮೂರು ಜನರಿಗೆ ಹೇಳಿದ್ದಾರೆ, ನಾಲ್ಕನೆಯವಳು ನಾನು. ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ಬೀಗದಕ್ಕ ಹೊಸದೊಂದು ಸಾಲು ಸೇರಿಸುತ್ತಿದ್ದಾರೆ: ಕಿಟಕಿಯಿಂದ ಯಾರು ಕಾಣುತ್ತಾರೆ.

ಗೊಂಚಲಿನ ಕೀಲಿಗಳಿಗೆಲ್ಲ ಬಣ್ಣದ ದಾರ ಕಟ್ಟಿದ್ದಾರೆ. ನೆತ್ತಿಗೆ ಕೆಂಪು, ಸೊಂಟಕ್ಕೆ ಹಳದಿ, ಪಾದಕ್ಕೆ ನೀಲಿ. ಹೊಸ ಮನೆಯ ಕೀಲಿಗೆ ಯಾವ ದಾರ ಎಂದು ಕೇಳಿದರೆ ಗೊಂಚಲನ್ನು ಜೇಬಿಗಿಳಿಸುತ್ತಾರೆ.

"ಆ ಕೀಲಿ ನನಗೆ ಬೇಡ, ಅತ್ತೆ ಹತ್ರ ಇರಲಿ. ದಿನವಿಡೀ ಖಾಲಿ ಮನೆ ಬಾಗಿಲು ಹೊರಗಿಂದ ತೆಗೀತೀನಿ ನೋಡಿ. ಸಂಜೆ ಬಂದಾಗ ನನ್ನ ಮನೆ ಬಾಗಿಲನ್ನ ಯಾರಾದ್ರೂ ಒಳಗಿಂದ ತೆಗೀಬೇಕು. ಅಷ್ಟೇ ಆಸೆ."

"ತೆಗೀತೀನಿ" ಎನ್ನುತ್ತಾರೆ ಪಕ್ಕದಲ್ಲಿ ಕೂತ ಅತ್ತೆ. "ಆದ್ರೆ ಮೆಟ್ಟಿಲ ಮೇಲೆ ಏನಾದ್ರೂ ಜಗಳಗಿಗಳ ನಡೀತಿದ್ರೆ, ಮುಗಿಯೋವರೆಗೂ ಹೊರಗೆ ನಿಂತಿರ್ಬೇಕು, ಈಗಲೇ ಹೇಳಿದ್ದೀನಿ."