ಫಿರಂಗಿ ಕಂಡಿಯಲ್ಲಿ ಸಿಕ್ಕಿಕೊಂಡ ದಿನ

ಮೂರು ವರ್ಷದ ಹಿಂದಿನ ಡಿಸೆಂಬರ್ ತಿಂಗಳು. ಕೊಪ್ಪದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು, ಒಂಬತ್ತನೇ ತರಗತಿಯ ಮಕ್ಕಳನ್ನು ಘಟ್ಟದ ಅಂಚಿನ ಹಳೇ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಆ ಕೋಟೆಯ ಬಗ್ಗೆ ಹನ್ನೊಂದು ವರ್ಷ ಪಾಠ ಮಾಡಿದ್ದರೂ ಹತ್ತಿ ನೋಡಿದ್ದು ಅದೇ ಮೊದಲು. ಮಕ್ಕಳಿಗೆ ಇದನ್ನು ಹೇಳಿರಲಿಲ್ಲ.

ಮೇಲೆ ಹೋದ ಕೂಡಲೇ ನನಗೆ ಹುರುಪು ಬಂತು. "ಇದು ಗಡಿ ಕೋಟೆ. ಘಟ್ಟ ಹತ್ತಿ ಬರುವ ಶತ್ರುವನ್ನು ತಡೆಯಲು ಕಟ್ಟಿದ್ದು. ಮೊದಲು ಗೋಡೆಯಲ್ಲಿ ಬಾಣ ಬಿಡುವಷ್ಟೇ ಸೀಳುಗಳಿದ್ದವು. ಫಿರಂಗಿ ಬಂದ ಮೇಲೆ ಗೋಡೆ ದಪ್ಪ ಮಾಡಿ, ಸೀಳು ಒಡೆದು ಕಂಡಿ ಮಾಡಿದರು. ಒಳಗೆ ಕಿರಿದು, ಹೊರಗೆ ಅಗಲ. ಆಗ ಫಿರಂಗಿಯನ್ನು ಆಚೀಚೆ ತಿರುಗಿಸಬಹುದು" ಎಂದು ಒಂದೇ ಉಸಿರಿಗೆ ಹೇಳಿದೆ.

"ಅಲ್ಲಿಂದ ಎಂತ ಕಾಣತ್ತೆ ಟೀಚರ್?" ಎಂದು ಒಬ್ಬ ಹುಡುಗಿ ಕೇಳಿದಳು.

"ಇರು, ನೋಡಿ ಹೇಳ್ತೀನಿ" ಎಂದು ಕಂಡಿಯೊಳಗೆ ತೂರಿದೆ. ತಲೆ ಹೋಯಿತು, ಭುಜ ಹೋಯಿತು. ಘಟ್ಟದ ದಾರಿ ಕಾಣಲಿ ಎಂದು ಇನ್ನೂ ಸ್ವಲ್ಪ ಮುಂದೆ ಹೋದೆ. ಸೊಂಟ ಸಿಕ್ಕಿಕೊಂಡಿತು! ಹಿಂದೆ ಸರಿದರೆ ಸೀರೆ ಮುದ್ದೆಯಾಗಿ ಮತ್ತಷ್ಟು ಬಿಗಿಯಿತು. ಇಬ್ಬರು ಹುಡುಗಿಯರು ಕಾಲು ಹಿಡಿದು ಎಳೆದರು. ಬೆನ್ನ ಹಿಂದೆ ಕಿಸಕ್ಕನೆ ನಗು ಕೇಳಿಸಿತು. ನಾಳೆ ಯಾವ ಮುಖ ಇಟ್ಟುಕೊಂಡು ಪಾಠ ಮಾಡುವುದು ಎಂದು ಅಳುವೇ ಬಂತು.

ಗೋಡೆಯ ಹೊರಗಿನ ದಿಬ್ಬದಲ್ಲಿ ಪೊದೆ ಸವರುತ್ತಿದ್ದ ಹೆಂಗಸೊಬ್ಬರು ತಲೆ ಎತ್ತಿ ನೋಡಿದರು. ಹೆಸರು ಗಿರಿಜಕ್ಕ, ಕೋಟೆ ನೋಡಿಕೊಳ್ಳುವ ಕೆಲಸದವರು ಎಂದು ಆಮೇಲೆ ತಿಳಿಯಿತು. ಕತ್ತಿ ಕೆಳಗಿಟ್ಟು ಹತ್ತಿರ ಬಂದವರು ಮೊದಲು ಗೋಡೆಯಾಚೆಗಿದ್ದ ಮಕ್ಕಳನ್ನು ಕೂಗಿ ಗದರಿದರು. "ಎಲ್ಲ ಆ ಕಡೆ ತಿರ್ಗಿ ನಿಂತ್ಕೊಳ್ಳಿ. ಸೀರೆ ಸಿಕ್ಕೊಂಡಿದೆ ಅಷ್ಟೆ!" ನಗು ನಿಂತಿತು.

ಆಮೇಲೆ ನನಗೆ ಮೆಲ್ಲಗೆ, "ಹಿಂದೆ ಹೋಗ್ಬೇಡಿ, ಮುಂದೆ ಬನ್ನಿ" ಎಂದರು.

"ಬಿದ್ದರೆ?"

"ನಾನಿಲ್ವಾ? ಹೆಗಲು ಹಿಡ್ಕೊಳ್ಳಿ. ಗುಂಡು ಹೊರಗೆ ಹೋಗ್ಲಿ ಅಂತ ಮಾಡಿದ್ದು ಮಾರಾಯ್ರೆ ಇದು. ಇತ್ಲಾಗೆ ಅಗಲ ಇದೆ."

ಉಸಿರು ಬಿಗಿಹಿಡಿದು ನುಸುಳಿದೆ. ಒಂದು ಗೇಣು ಮುಂದೆ ಬಂದದ್ದೇ ಸೊಂಟ ಸಡಿಲವಾಗಿ, ಸೀದಾ ಅವರ ಹೆಗಲ ಮೇಲೆ ಬಿದ್ದೆ. ಹತ್ತು ನಿಮಿಷದ ಹಿಂದೆ ನಾನೇ ಬಾಯಿತುಂಬ ಹೇಳಿದ್ದ ಪಾಠ ನನಗೇ ನೆನಪಾಗಿರಲಿಲ್ಲ.

ಗಿರಿಜಕ್ಕ ನನ್ನ ಸೀರೆಯ ಮಣ್ಣು ಕೊಡವಿ, ನೀರು ಕೊಟ್ಟು, "ನಂಗೂ ಒಂದ್ಸಲ ಹಿಂಗೇ ಆಗಿತ್ತು" ಎಂದರು. ಅವರೋ ಕಡ್ಡಿಯಷ್ಟು ತೆಳ್ಳಗಿದ್ದರು. ನನ್ನ ಸಮಾಧಾನಕ್ಕೆ ಹೇಳಿದ್ದೆಂದು ಗೊತ್ತಾಗಿ ಇನ್ನೂ ಇಷ್ಟವಾದರು.

ಆ ವರ್ಷದ ಪರೀಕ್ಷೆಯಲ್ಲಿ ಫಿರಂಗಿ ಕಂಡಿಯ ಪ್ರಶ್ನೆಗೆ ಒಬ್ಬರೂ ತಪ್ಪು ಬರೆಯಲಿಲ್ಲ.

ಈಗಲೂ ಪ್ರತಿ ವರ್ಷ ಮಕ್ಕಳೊಂದಿಗೆ ಅಲ್ಲಿಗೆ ಹೋಗುತ್ತೇನೆ. ಆ ಕಂಡಿಯ ಹತ್ತಿರ ಬಂದಾಗ ನಾನೂ ಮಕ್ಕಳ ಸಾಲಿನಲ್ಲಿ ಕೂರುತ್ತೇನೆ, ಪಾಠ ಗಿರಿಜಕ್ಕನದು. ಅವರು ಎಲ್ಲವನ್ನೂ ವಿವರಿಸುತ್ತಾರೆ, ನಾನು ಸಿಕ್ಕಿಕೊಂಡ ಕತೆಯೊಂದನ್ನು ಬಿಟ್ಟು. ಅದನ್ನು ಎದ್ದು ನಿಂತು ನಾನೇ ಹೇಳುತ್ತೇನೆ.