ಮೊಣಕಾಲು ಸವೆದ ಸಮವಸ್ತ್ರ

ಬಟ್ಟೆ ತಿದ್ದಿಕೊಡುವ ಅಂಗಡಿಯಲ್ಲಿ ಕೂತವರಿಗೆ ಊರಿನ ಗುಟ್ಟೆಲ್ಲ ಗೊತ್ತು. ಯಾರ ಸೊಂಟ ಹಿಗ್ಗಿತು, ಯಾರು ಸೊರಗಿ ಕಡ್ಡಿಯಾದರು, ಯಾರು ಹೊಸ ಕೋಟು ಎಂದು ಮೆರೆಯುತ್ತ ಅಣ್ಣನ ಹಳೆಯದನ್ನೇ ಹಿಡಿಸಿಕೊಂಡು ಹೋದರು, ಒಂದನ್ನೂ ಮುಚ್ಚಿಡಲಾಗದು. ನಮ್ಮ ಹೊಲಿಗೆಯಕ್ಕ ಪರದೇಶವೊಂದರ ಅಂಥ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಆ ದೇಶಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಲ್ಲಿಯ ಭಾಷೆಯಲ್ಲಿ ‘ಇಲ್ಲಿ ಬಿಗಿ’, ‘ಅಲ್ಲಿ ಉದ್ದ’, ‘ನಾಳೆ ಬನ್ನಿ’ ಎಂಬ ಮೂರು ಮಾತು ಬಿಟ್ಟರೆ ನಾಲ್ಕನೆಯದು ಬಾರದು. ಇಂಗ್ಲಿಷು ಹೇಗೋ ತಳ್ಳಿಕೊಂಡು ಹೋಗುವಷ್ಟು. ಆದರೂ ಬೀದಿಯ ಅರ್ಧ ಜನದ ಜಾತಕ ಅವಳ ಕೈಲಿತ್ತು. ಮನುಷ್ಯರು ಬೇಕಾದ್ದು ಹೇಳಿಯಾರು, ಬಟ್ಟೆ ಮಾತ್ರ ಸುಳ್ಳು ಹೇಳುವುದಿಲ್ಲ ಎಂದು ಅವಳ ನಂಬಿಕೆ. ಈ ನಂಬಿಕೆಯೇ ಒಮ್ಮೆ ಅವಳನ್ನು ಹಳ್ಳಕ್ಕೆ ಕೆಡವುವುದರಲ್ಲಿತ್ತು. ಈಗ ಹೇಳಹೊರಟಿರುವುದೂ ಅದನ್ನೇ.

ಅವಳ ಗಂಡ ಲಿಫ್ಟ್ ರಿಪೇರಿಯವನು. ಕಂಪನಿ ಅವನನ್ನು ಮೂರು ವರ್ಷಕ್ಕೆಂದು ಅಲ್ಲಿಗೆ ಕಳಿಸಿತ್ತು. ಆಮೇಲೆ ಯಾವ ದೇಶವೋ, ಯಾವ ಕಟ್ಟಡವೋ ಆ ಕಂಪನಿಗೇ ಗೊತ್ತು. ಬಂದ ಹೊಸದರಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಮನೆ ಪಕ್ಕದ ಸರ್ಕಾರಿ ಶಾಲೆಗೇ ಹಾಕಿದ್ದರು. ಐದು ವರ್ಷದ ಸಣ್ಣವಳಿಗೆ ಯಾವ ಶಾಲೆಯಾದರೇನು, ಬೀದಿದೀಪದ ಕಂಬದ ಜೊತೆಗೂ ಸ್ನೇಹ ಮಾಡಿಕೊಂಡು ಬರುವಂಥವಳು. ಕಷ್ಟವೆಲ್ಲ ಎಂಟು ವರ್ಷದ ದೊಡ್ಡವಳದ್ದು. ಅವಳಿಗೆ ಮನೆಯಲ್ಲಿ ಗಿಣಿ ಎಂದು ಹೆಸರು. ಮೊದಲೆಲ್ಲ ಅವಳ ಮಾತಿಗೆ ಪೂರ್ಣವಿರಾಮವೇ ಇರಲಿಲ್ಲ. ಇಲ್ಲಿಗೆ ಬಂದದ್ದೇ ತಡ, ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಶಾಲೆಯಲ್ಲಿ ಒಂದಕ್ಷರ ಆಡಲಿಲ್ಲ. ಟೀಚರು ಪಾಪ, ಬಣ್ಣದ ಪೆನ್ಸಿಲು ಕೊಟ್ಟು ಮೂಲೆಯಲ್ಲಿ ಕೂರಿಸುತ್ತಿದ್ದರಂತೆ. ಬರಬರುತ್ತ ಮನೆಯಲ್ಲೂ ಅವಳ ಮಾತು ‘ಹೂಂ’, ‘ಉಹೂಂ’ಗೆ ಇಳಿಯಿತು. ಹೊಲಿಗೆಯಕ್ಕನಿಗೆ ಭಯ ಹತ್ತಿದ್ದು ಆಗ. ಈ ಮಗು ಹೀಗೇ ಮೂಕಿಯಾಗಿಬಿಟ್ಟರೆ?

ಇಂಗ್ಲಿಷಿನಲ್ಲಿ ಕಲಿಸುವ ಇಂಟರ್‌ನ್ಯಾಷನಲ್ ಶಾಲೆಗೆ ಹಾಕೋಣ, ನಾಳೆ ಯಾವ ದೇಶಕ್ಕೆ ಹೋದರೂ ಮಕ್ಕಳು ಪರದಾಡುವುದು ಬೇಡ ಎಂದು ಗಂಡ ಹೆಂಡತಿ ನಿಶ್ಚಯಿಸಿದರು. ನಿಶ್ಚಯವೇನೋ ಸುಲಭ. ಯಾವ ಶಾಲೆ ಅನ್ನುವಾಗ ನಾದಿನಿ ಪ್ರವೇಶ ಮಾಡಿದಳು. ಗಂಡನ ಈ ತಂಗಿ ಆರು ವರ್ಷ ಮೊದಲೇ ಬಂದು ಅದೇ ಊರಲ್ಲಿ ನೆಲೆಯೂರಿದವಳು. ಯಾವ ಅಂಗಡಿಯಲ್ಲಿ ಈರುಳ್ಳಿ ಕೊಳ್ಳಬೇಕು ಎಂಬುದರಿಂದ ಹಿಡಿದು ಯಾವ ದಂತವೈದ್ಯರ ಕೈ ಹಗುರ ಎಂಬುದರವರೆಗೆ ಅವಳದೇ ಕೊನೆಯ ತೀರ್ಪು.

“ಗಾಜಿನ ಶಾಲೆಗೇ ಹಾಕಿ ಅತ್ತಿಗೆ. ಕಣ್ಮುಚ್ಚಿಕೊಂಡು ಹಾಕಿ. ಮಕ್ಕಳ ವಿಷಯದಲ್ಲೂ ಜುಗ್ಗತನ ಮಾಡಿದ್ರೆ ಹೇಗೆ?” ಎಂದಳು.

ಗಾಜಿನ ಶಾಲೆ ಎಂದರೆ ಅಡಿಯಿಂದ ಮುಡಿಯವರೆಗೂ ಗಾಜು. ನೋಡಲು ಹೋದ ದಿನ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಈಜುಕೊಳ ತೋರಿಸಿ, ಸೀಟು ಬೇಕಿದ್ದರೆ ಬರುವ ಶುಕ್ರವಾರದೊಳಗೆ ಹಣ ಕಟ್ಟಬೇಕೆಂದು ನಯವಾಗಿ ಹೇಳಿ ಕಳಿಸಿದರು. ಶುಲ್ಕ ಕೇಳಿದ ಲಿಫ್ಟಿನವನ ಮುಖ ಇಳಿಯಿತು. ದಾರಿಯುದ್ದಕ್ಕೂ ಬೆರಳು ಮಡಿಚಿ ಲೆಕ್ಕ ಹಾಕಿದವನು ಮನೆ ಬಾಗಿಲಲ್ಲಿ ನಿಂತು, “ಹೋಗ್ಲಿ ಬಿಡು, ಭಾನುವಾರಾನೂ ಡ್ಯೂಟಿ ಹಾಕಿಸ್ಕೋತೀನಿ. ಲಿಫ್ಟುಗಳೇನು ಭಾನುವಾರ ಕೆಡಲ್ವಾ?” ಎಂದ. ವಾರಕ್ಕೊಂದೇ ದಿನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪಾರ್ಕಿಗೆ ಹೋಗುವ ಮನುಷ್ಯ ಅವನು.

ಕೈಗೆಟುಕುವ ಇನ್ನೊಂದು ಶಾಲೆ ಇರಲಿಲ್ಲವೇ? ಇತ್ತು. ಟೈರ್ ಅಂಗಡಿಯ ಹಿಂದಿನ ಓಣಿಯಲ್ಲಿ, ಬಣ್ಣ ಮಾಸಿದ ಎರಡಂತಸ್ತಿನ ಕಟ್ಟಡ. ಅದೂ ಇಂಟರ್‌ನ್ಯಾಷನಲ್ಲೇ, ಪಾಠವೂ ಇಂಗ್ಲಿಷಿನಲ್ಲೇ. ಲಿಫ್ಟಿನವನು ಹೊರಗಿನಿಂದ ನೋಡಿಕೊಂಡು ಬಂದು ಮೆಚ್ಚಿಕೊಂಡಿದ್ದ. “ಲಿಫ್ಟೇ ಇಲ್ಲ ಕಣೆ, ಬರೀ ಮೆಟ್ಟಿಲು! ಕೈಕೊಡೋ ಸಾಮಾನು ಒಂದೂ ಇಲ್ಲ,” ಎಂಬುದು ಅವನ ಶಿಫಾರಸು. ನಾದಿನಿ ಮೂಗು ಮುರಿದಳು. ಹೊಲಿಗೆಯಕ್ಕ ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು, ತನಗೆ ಗೊತ್ತಿರುವ ದಾರಿ ಹಿಡಿದಳು. ಎರಡೂ ಶಾಲೆಯ ಸಮವಸ್ತ್ರ ಅವಳ ಅಂಗಡಿಗೇ ಬರುತ್ತಿತ್ತಲ್ಲ!

ಗಾಜಿನ ಶಾಲೆಯ ನೀಲಿ ಬಟ್ಟೆಗಳು ಹ್ಯಾಂಗರಿಗೆ ತೂಗಿಕೊಂಡು, ಮೇಲೆ ಪ್ಲಾಸ್ಟಿಕ್ ಹೊದ್ದು ಬರುತ್ತಿದ್ದವು. ಅಂಚು ಇಳಿಸುವುದು, ಗುಂಡಿ ಹಾಕುವುದು, ಮುಗಿಯಿತು. ಟೈರಂಗಡಿ ಶಾಲೆಯದು ಬೂದು ಬಣ್ಣ, ಹುಡುಗ ಹುಡುಗಿ ಎಲ್ಲರಿಗೂ ಪ್ಯಾಂಟು. ಅವರು ಹರಿದದ್ದನ್ನೆಲ್ಲ ಒಟ್ಟುಮಾಡಿ ಒಂದೇ ಗಂಟು ಕಟ್ಟಿ ಕಳಿಸುತ್ತಿದ್ದರು. ಈವರೆಗೆ ಸುಮ್ಮನೆ ತೇಪೆ ಹಾಕಿ ಕಳಿಸುತ್ತಿದ್ದವಳು ಈ ಸಲ ಗಂಟು ಬಿಚ್ಚಿ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದಳು. ಎಲ್ಲವೂ ಹೋಗಿದ್ದದ್ದು ಮೊಣಕಾಲಿನಲ್ಲಿ! ಆಡಿ ಬಿದ್ದರೆ ಬಟ್ಟೆ ಅಡ್ಡಡ್ಡ ಹರಿಯುತ್ತದೆ, ಅದೂ ಒಂದೇ ಕಾಲಲ್ಲಿ. ಇದು ಹರಿದದ್ದಲ್ಲ. ಎರಡೂ ಮೊಣಕಾಲು ಒಂದೇ ಸಮ ಉಜ್ಜಿ, ಮೊದಲು ಹೊಳಪಾಗಿ, ಆಮೇಲೆ ನವೆದು ಜಾಳಾದದ್ದು. ದಿನಾ ಗಂಟೆಗಟ್ಟಲೆ ಮೊಣಕಾಲೂರಿದರೆ ಮಾತ್ರ ಹೀಗೆ ಸವೆಯುತ್ತದೆ.

ಅವಳಿಗೆ ತಾನು ಓದಿದ ಶಾಲೆಯ ಜಗಲಿ ನೆನಪಾಯಿತು. ಮಗ್ಗಿ ತಪ್ಪಿದರೆ ಮೊಣಕಾಲೂರು, ತಡವಾಗಿ ಬಂದರೆ ಮೊಣಕಾಲೂರು, ಪಕ್ಕದವಳು ನಕ್ಕರೂ ಇವಳೇ ಮೊಣಕಾಲೂರು. ಮೇಷ್ಟ್ರ ಬೆತ್ತ ಮರೆತುಹೋಗಿತ್ತು, ಆ ಜಗಲಿಯ ಮರಳು ಚುಚ್ಚಿದ್ದು ಮರೆತಿರಲಿಲ್ಲ.

“ರೀ, ಆ ಶಾಲೆ ಹೆಸರು ಎತ್ತಬೇಡಿ!” ಎಂದು ಸಂಜೆ ಗಂಡನ ಮುಂದೆ ಸಿಡಿದಳು. “ಮಕ್ಕಳನ್ನ ದಿನವಿಡೀ ಮೊಣಕಾಲ ಮೇಲೆ ನಿಲ್ಲಿಸ್ತಾರೆ ಅಲ್ಲಿ. ಮೊದಲೇ ಬಾಯಿ ಬಿಡದ ಮಗು ನಮ್ಮದು. ಅಲ್ಲಿಗೆ ಹೋದ್ರೆ ಮುಗೀತು ಕಥೆ.”

“ನಿನಗ್ಯಾರು ಹೇಳಿದ್ರು?”

“ಪ್ಯಾಂಟು ಹೇಳ್ತು.”

ಲಿಫ್ಟಿನವನು ಅವಳ ಮುಖ ನೋಡಿ ನಗು ನುಂಗಿಕೊಂಡ. ಹೊಲಿಗೆಯ ವಿಷಯದಲ್ಲಿ ಹೆಂಡತಿಗೆ ಎದುರಾಡುವ ಧೈರ್ಯ ಅವನಿಗಿಲ್ಲ. ಶುಕ್ರವಾರ ಗಾಜಿನ ಶಾಲೆಗೆ ಹಣ ಕಟ್ಟುವುದು, ಅವನು ಭಾನುವಾರವೂ ದುಡಿಯುವುದು, ಅವಳು ಮನೆಗೂ ಕೆಲಸ ಹೊತ್ತು ತರುವುದು ಎಂದಾಯಿತು. ನಾದಿನಿ, “ನಾನು ಹೇಳ್ಲಿಲ್ವಾ?” ಎಂದು ಫೋನಿನಲ್ಲೇ ಬೆನ್ನು ತಟ್ಟಿಕೊಂಡಳು.

ಅದೇ ಬೂದು ಗಂಟಿನಲ್ಲಿ ದೊಡ್ಡವರದೊಂದು ಪ್ಯಾಂಟೂ ಇತ್ತು. ಹೆಂಗಸಿನದು, ಮೊಣಕಾಲು ಮಕ್ಕಳದಕ್ಕಿಂತ ಕಡೆ. ಪಾಪ, ಯಾವಳೋ ನೆಲ ಒರೆಸುವ ಮುದುಕಿ ಇರಬೇಕು, ಈ ರಾಕ್ಷಸರು ಅವಳನ್ನೂ ಹೀಗೆ ದುಡಿಸುತ್ತಾರೆ ಎಂದು ಲೊಚಗುಟ್ಟಿ, ಗಟ್ಟಿಯಾಗಿರಲೆಂದು ಎರಡು ಪದರ ತೇಪೆ ಇಟ್ಟು ಹೊಲಿದಳು. ತೇಪೆಯ ಮೂಲೆಗಳಲ್ಲಿ ಅಡ್ಡ ಹೊಲಿಗೆ ಹಾಕುವುದು ಅವಳ ರೂಢಿ, ಬೇರೆ ಯಾರೂ ಹಾಗೆ ಹಾಕುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಅಂಗಡಿಯ ಒಡತಿಗೆ ಕಾಲುನೋವು. ಗಂಟನ್ನು ಶಾಲೆಗೆ ಮುಟ್ಟಿಸುವ ಕೆಲಸ ಹೊಲಿಗೆಯಕ್ಕನ ತಲೆಗೆ ಬಂತು. ಸರ್ಕಾರಿ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತಿದ್ದುದರಿಂದ ಮಕ್ಕಳಿಬ್ಬರೂ ಅಂಗಡಿಯಲ್ಲೇ ಇದ್ದರು. ಸಣ್ಣವಳು ಒಡತಿಯ ಮಡಿಲಲ್ಲೇ ಠಿಕಾಣಿ ಹೂಡಿದಳು. ಗಿಣಿ ಮಾತ್ರ ಅಮ್ಮನ ತೋಳು ಬಿಡಲಿಲ್ಲ. ಬರಲಿ, ಇದೇ ಒಳ್ಳೆಯದಾಯಿತು, ಹೇಳಬೇಕಾದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿಯೇ ಬರುತ್ತೇನೆ ಎಂದು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಬೈಗುಳ ಜೋಡಿಸಿಕೊಂಡಳು. ‘ಮಕ್ಕಳು ಎಂದರೆ ಮಕ್ಕಳು, ಅಪರಾಧಿಗಳಲ್ಲ’ ಎಂಬ ಒಂದು ವಾಕ್ಯವಂತೂ ಬಲು ಚೆನ್ನಾಗಿ ಕೂತಿತ್ತು. ಟೈರಂಗಡಿ ದಾಟುವಾಗ ಅದನ್ನು ಇನ್ನೊಮ್ಮೆ ಗಟ್ಟಿಯಾಗಿಯೇ ಹೇಳಿ ನೋಡಿದಳು. ಟೈರಿನವನು ಬೆಚ್ಚಿ ತಿರುಗಿದ.

ಶಾಲೆಯ ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಹೋದರೆ ಬಲಗಡೆಯ ಕೋಣೆಯ ಕದ ತೆರೆದಿತ್ತು. ಇಣುಕಿದಳು. ಒಂದಿಡೀ ತರಗತಿ, ಇಪ್ಪತ್ತೋ ಇಪ್ಪತ್ತೈದೋ ಮಕ್ಕಳು, ಸಾಲಾಗಿ ಮೊಣಕಾಲೂರಿ ತಲೆ ತಗ್ಗಿಸಿವೆ! ಪಿತ್ತ ನೆತ್ತಿಗೇರಿ ಕಿವಿಗೆ ಏನೂ ಕೇಳಿಸದಾಯಿತು. ಗಂಟು ಎದೆಗವಚಿಕೊಂಡು ಒಳಕ್ಕೆ ನುಗ್ಗಿಯೇಬಿಟ್ಟಳು.

ನುಗ್ಗಿದವಳು ಅಲ್ಲೇ ನಿಂತಳು. ನೆಲದ ಮೇಲೆ ಗೋಡೆಯಿಂದ ಗೋಡೆಗೆ ಕಾಗದ ಹಾಸಿತ್ತು. ಮಕ್ಕಳು ಅದರ ಮೇಲೆ ಊರನ್ನು ಬಿಡಿಸುತ್ತಿದ್ದರು. ಒಬ್ಬ ಬಸ್ ನಿಲ್ದಾಣ, ಒಬ್ಬಳು ಟೈರಂಗಡಿ, ಇನ್ನೊಬ್ಬ ತನ್ನ ಮನೆಯ ಬಾಲ್ಕನಿಯಲ್ಲಿ ಒಣಗುವ ಬಟ್ಟೆ. ಜಗಳ, ನಗು, ರಬ್ಬರಿಗಾಗಿ ಕಿತ್ತಾಟ, ಒಂದು ಕಿವಿಗೆ ಕೇಳಿದ್ದು ಇನ್ನೊಂದಕ್ಕೆ ಕೇಳದಷ್ಟು ಗದ್ದಲ. ಆ ಮಕ್ಕಳ ನಡುವೆ ಬೆಳ್ಳಗಿನ ಕೂದಲಿನ ಹೆಂಗಸೊಬ್ಬಳು ಅವರಂತೆಯೇ ಮೊಣಕಾಲೂರಿ ಸೇತುವೆ ಬರೆಯುತ್ತಿದ್ದಳು. ಇವಳನ್ನು ಕಂಡು ಆಕೆ ಸೊಂಟ ಹಿಡಿದುಕೊಂಡು ಎದ್ದಳು. ಪ್ಯಾಂಟಿನ ಮೊಣಕಾಲಿನಲ್ಲಿ ಹಳೆಯದೊಂದು ತೇಪೆ, ಮೂಲೆಗಳಲ್ಲಿ ಅಡ್ಡ ಹೊಲಿಗೆ. ಹೊಲಿಗೆಯಕ್ಕನದೇ, ಎರಡು ತಿಂಗಳ ಹಿಂದಿನದು!

“ನಾನು ಇಲ್ಲಿಯ ಹೆಡ್‌ಮಿಸ್ಟ್ರೆಸ್. ಏನು ಬೇಕಾಗಿತ್ತು?” ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದಳು.

ಹೊಲಿಗೆಯಕ್ಕನ ಬೈಗುಳವೆಲ್ಲ ಎಲ್ಲಿ ಹೋಯಿತೋ. ಬಾಯಿ ತೆರೆದಳು. ಹೊರಬಿದ್ದದ್ದು ಒಂದೇ ಮಾತು, ಅಲ್ಲಿಯ ಭಾಷೆಯಲ್ಲಿ, ನಿರರ್ಗಳವಾಗಿ: “ನಾಳೆ ಬನ್ನಿ.”

ಹೆಡ್‌ಮಿಸ್ಟ್ರೆಸ್ ತನ್ನದೇ ಶಾಲೆಯಲ್ಲಿ ನಿಂತು ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಗಂಟು ಕಂಡು, ತನ್ನ ತೇಪೆ ಮುಟ್ಟಿ ನೋಡಿಕೊಂಡು, “ಓಹೋ, ಇದನ್ನ ಹೊಲಿದೋಳು ನೀನೇನಾ!” ಎಂದು ಎರಡೂ ಕೈ ಹಿಡಿದುಕೊಂಡಳು. ಹೊಲಿಗೆಯಕ್ಕನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಆದರೂ ಕೇಳದೆ ಬಿಡುವ ಹೆಂಗಸಲ್ಲ. ಸವೆದ ಮೊಣಕಾಲು ತೋರಿಸಿ, ಕಿವಿ ಹಿಡಿದು, ಬೆತ್ತ ಬೀಸುವ ಹಾಗೆ ಮಾಡಿ, “ಶಿಕ್ಷೆ?” ಎಂದಳು.

“ಶಿಕ್ಷೆ ನನಗೆ ಮಾತ್ರ,” ಎಂದು ಆಕೆ ನಕ್ಕಳು. “ನಿಜ ಹೇಳ್ಬೇಕಂದ್ರೆ, ಮೊದಲು ಮೇಜು ಕೊಳ್ಳೋಕೆ ಆಗ್ಲಿಲ್ಲ, ನೆಲಕ್ಕೆ ಕೂರಿಸಿದ್ವಿ. ಆಮೇಲೆ ಮೇಜು ಬಂತು, ಮಕ್ಕಳು ಹತ್ತಲೇ ಇಲ್ಲ. ಕೆಳಗೆ ಕೂತ್ರೆ ಯಾರೂ ಹಿಂದಿನ ಬೆಂಚಲ್ಲ, ನೋಡು.”

ಇದನ್ನು ಹೊಲಿಗೆಯಕ್ಕ ಅರ್ಧ ಕೇಳಿಸಿಕೊಂಡಳು, ಇನ್ನರ್ಧ ಕೇಳಲಿಲ್ಲ. ಏಕೆಂದರೆ ತೋಳು ಹಗುರವಾಗಿತ್ತು. ಗಿಣಿ ಪಕ್ಕದಲ್ಲಿರಲಿಲ್ಲ.

ಗಿಣಿ ಕಾಗದದ ಅಂಚಿನಲ್ಲಿ ಮೊಣಕಾಲೂರಿ ಕೂತಿದ್ದಳು. ಎದುರಿಗಿದ್ದ ಜುಟ್ಟಿನ ಹುಡುಗಿ ಕಪ್ಪು ಬಣ್ಣದಲ್ಲಿ ದೊಡ್ಡ ರಸ್ತೆ ಎಳೆಯುತ್ತ, ಎಳೆಯುತ್ತ, ಬಸ್ ನಿಲ್ದಾಣದ ಪಕ್ಕದ ಓಣಿಗೆ ನುಗ್ಗಿಸುವುದರಲ್ಲಿದ್ದಳು. ಗಿಣಿ ಕೈ ಅಡ್ಡ ಚಾಚಿದಳು.

“ಏಯ್! ಅಲ್ಲಿ ರಸ್ತೆ ಬೇಡ! ಅದು ನಮ್ಮಮ್ಮನ ಅಂಗಡಿ!”

ಅಚ್ಚಗನ್ನಡದಲ್ಲಿ, ಕೋಣೆ ನಡುಗುವ ಹಾಗೆ. ಎಲ್ಲರೂ ತಿರುಗಿದರು. ಒಬ್ಬರಿಗೂ ಒಂದಕ್ಷರ ಅರ್ಥವಾಗಿರಲಾರದು. ಆದರೆ ಜುಟ್ಟಿನವಳು ಸುಮ್ಮನೆ ರಸ್ತೆಯನ್ನು ನಿಲ್ಲಿಸಿ, ಬಣ್ಣದ ಕಡ್ಡಿಯನ್ನು ಗಿಣಿಯ ಕಡೆಗೆ ಚಾಚಿ, “ಶಾಪ್?” ಎಂದಳು. “ಶಾಪ್! ಟೈಲರ್ ಶಾಪ್! ಇಲ್ಲಿ ಮಷಿನ್ನು, ಇಲ್ಲಿ ಕಿಟಕಿ, ಇಲ್ಲಿ ನನ್ನ ತಂಗಿ ಕೂತು ತಲೆ ತಿಂತಾಳೆ...” ಎಂದು ಗಿಣಿ ಶುರುಮಾಡಿದಳು ನೋಡಿ, ಅರ್ಧ ಕನ್ನಡ, ಕಾಲು ಇಂಗ್ಲಿಷು, ಉಳಿದದ್ದು ಕೈಸನ್ನೆ. ನಿಲ್ಲಿಸಲೇ ಇಲ್ಲ. ಹೊಲಿಗೆಯಕ್ಕ ಗಂಟಿನಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟಳು. ಸಂತೋಷಕ್ಕೆ ಅತ್ತದ್ದು ಕಣ್ರೀ, ಅದರಲ್ಲೇನು ನಾಚಿಕೆ?

ಸಂಜೆ ಕಥೆ ಕೇಳಿ ಲಿಫ್ಟಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಪ್ಯಾಂಟು ಸುಳ್ಳು ಹೇಳ್ತಾ ಹಾಗಾದ್ರೆ?”

“ಅದು ನಿಜಾನೇ ಹೇಳ್ತು. ನಾನೇ ನನ್ನ ಮೇಷ್ಟ್ರನ್ನ ಮಧ್ಯೆ ತಂದೆ,” ಎಂದಳು ಅವಳು.

ಶುಕ್ರವಾರ ಇಬ್ಬರು ಮಕ್ಕಳೂ ಟೈರಂಗಡಿ ಶಾಲೆಗೆ ಸೇರಿದರು. ಭಾನುವಾರ ಭಾನುವಾರವಾಗಿಯೇ ಉಳಿಯಿತು. ನಾದಿನಿ ಒಂದು ವಾರ ಮುಖ ಊದಿಸಿಕೊಂಡಿದ್ದು, ಆಮೇಲೆ ಆ ಶಾಲೆಯನ್ನು ತಾನೇ ಹೇಳಿದ್ದು ಎಂದು ಊರೆಲ್ಲ ಸಾರತೊಡಗಿದಳು.

ಒಂದೂವರೆ ತಿಂಗಳಾಗಿರಬಹುದು. ಗಿಣಿ ಶಾಲೆಯಿಂದ ಬಂದವಳೇ ಚೀಲ ಎಸೆದು, ಜುಟ್ಟಿನವಳು ಏನಂದಳು, ತಾನೇನಂದೆ, ಹೆಡ್‌ಮಿಸ್ಟ್ರೆಸ್ ಎದ್ದೇಳಲಾಗದೆ ಇದ್ದಾಗ ಮೂವರು ಸೇರಿ ಹೇಗೆ ಎಬ್ಬಿಸಿದೆವು ಎಂದು ಉಸಿರು ಬಿಡದೆ ಒದರುತ್ತಿದ್ದಳು. ಕೆಲಸದಿಂದ ಸುಸ್ತಾಗಿ ಬಂದಿದ್ದ ಅಪ್ಪ, “ಒಂದ್ನಿಮಿಷ ಬಾಯಿ ಮುಚ್ಚೇ ತಾಯಿ,” ಎಂದು ಕೈಮುಗಿದ.

“ಇನ್ನೊಂದ್ಸಲ ಆ ಮಾತು ಆಡಿದ್ರೆ ನೋಡಿ!” ಹೊಲಿಗೆಯಕ್ಕ ಕತ್ತರಿ ಎತ್ತಿ ತೋರಿಸಿದಳು. “ನೀನು ಹೇಳೇ, ಆಮೇಲೇನಾಯ್ತು?”

ಗಿಣಿ ಹೇಳುತ್ತಲೇ ಬೂದು ಪ್ಯಾಂಟು ತಂದು ಅಮ್ಮನ ಮಡಿಲಿಗೆ ಹಾಕಿದಳು. ಎರಡೂ ಮೊಣಕಾಲು ಒಂದೇ ಸಮ ಸವೆದು, ಬೆರಳು ತೂರುವಷ್ಟು ಜಾಳಾಗಿದ್ದವು. “ಗಟ್ಟಿಯಾಗಿ ಹಾಕಮ್ಮಾ, ನಾಳೆ ನದಿ ಬಿಡಿಸೋದಿದೆ, ತುಂಬಾ ಉದ್ದ ಇದೆಯಂತೆ.”

ಅವಳು ಆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಎಷ್ಟೋ ಮಕ್ಕಳ ಪ್ಯಾಂಟು ಹೊಲಿದಿದ್ದಳು, ಆದರೆ ಇಷ್ಟು ಚೆನ್ನಾಗಿ ಸವೆದದ್ದನ್ನು ಕಂಡಿರಲಿಲ್ಲ. ಆಮೇಲೆ ಎರಡು ಪದರ ತೇಪೆ ಇಟ್ಟು, ಮೂಲೆಗಳಲ್ಲಿ ಅಡ್ಡ ಹೊಲಿಗೆ ಹಾಕುತ್ತ, ಮಗಳ ಮಾತಿಗೆ ಹೂಂಗುಟ್ಟುತ್ತ ಕೂತಳು.