ಒಲೆಯ ಮೇಲಿನ ದೂರು

ಅನ್ಸೆಲ್ಮೊಗೆ ಮಾಂಸ ಸುಡಲು ಬರುವುದಿಲ್ಲ ಎಂಬ ಸಂಗತಿ ಅವನೊಬ್ಬನನ್ನು ಬಿಟ್ಟು ಮಿಕ್ಕವರಿಗೆಲ್ಲ ಗೊತ್ತಿದೆ ಎಂದು ರೊಸಾರಿಯೊ ಪಟ್ಟಣದ ಆ ಬೀದಿಯವರು ತಿಳಿದಿದ್ದರು. ಮೂವತ್ತೊಂದು ವರ್ಷದಿಂದ ಅವನು ಪ್ರತಿ ಭಾನುವಾರ ಹಿತ್ತಲಲ್ಲಿ ಬೆಂಕಿಯ ಮುಂದೆ ನಿಂತಿದ್ದ. ಮಾಂಸ ಮೇಜಿಗೆ ಬರುತ್ತಲೇ ಯಾರಾದರೊಬ್ಬರು "ಸುಟ್ಟವನಿಗೊಂದು ಚಪ್ಪಾಳೆ!" ಎನ್ನುತ್ತಿದ್ದರು, ಎಲ್ಲರೂ ತಟ್ಟುತ್ತಿದ್ದರು. ಅಲ್ಲಿ ಯಾವ ಮನೆಯಲ್ಲೂ ತಪ್ಪದ ಮರ್ಯಾದೆ ಅದು. ಚಪ್ಪಾಳೆ ಮುಗಿದ ಮೇಲೆಯೇ ಮಾಂಸ ಬಾಯಿಗೆ ಹೋಗುವುದರಿಂದ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ.

ಜಗಿಯಲು ತೊಡಗಿದ ಮೇಲೆ ಮಾತು ನಿಲ್ಲುತ್ತಿತ್ತು. ಒಬ್ಬ ಹಚ್ಚಿದ ಬೆಂಕಿಗೆ ಇನ್ನೊಬ್ಬ ಕೈ ಹಾಕಬಾರದು, ಬುದ್ಧಿಯನ್ನೂ ಹೇಳಬಾರದು ಎಂಬುದು ಅವರ ಇನ್ನೊಂದು ಕಟ್ಟಳೆ. ಹಾಗಾಗಿ ತಪ್ಪೆಲ್ಲ ಒಲೆಯ ತಲೆಗೇ ಬರುತ್ತಿತ್ತು. ಮೊದಲನೇ ಒಲೆಯ ತಗಡು ತೆಳು ಎಂದಾಯಿತು. ಇಟ್ಟಿಗೆಯ ಒಲೆ ತೇವ ಕುಡಿದಿದೆ ಎಂದಾಯಿತು. ಮೂರನೆಯದಕ್ಕೆ ಆಳ ಜಾಸ್ತಿ. ಮೂರೂ ಮನೆ ಬಿಟ್ಟು ಹೋದವು, ಅನ್ಸೆಲ್ಮೊ ಉಳಿದ.

ನಾಲ್ಕನೆಯದನ್ನು ತಂದವಳು ಅವನ ಹೆಂಡತಿ ಎರ್ಮಿನಿಯಾ. ಹೊಲಿಗೆ ಅವಳ ಕಸುಬು. ಪಕ್ಕದ ಮನೆಯ ಸುಲೆಮಾ ಮೂರನೇ ಮಹಡಿಯ ಪುಟ್ಟ ಮನೆಗೆ ಹೊರಟಾಗ ಅವಳ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಟ್ಟು, ಬದಲಿಗೆ ಅವಳ ಹಿತ್ತಲಲ್ಲಿದ್ದ ಕೆಂಡದ ಒಲೆಯನ್ನು ತಳ್ಳಿಸಿಕೊಂಡು ಬಂದಿದ್ದಳು. ಎಣ್ಣೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿ ಅರ್ಧ ಒಲೆ, ಅರ್ಧ ಮುಚ್ಚಳ ಮಾಡಿದ್ದು. ಮುಚ್ಚಳದಲ್ಲಿ ಕಿರುಬೆರಳು ತೂರುವಷ್ಟು ತುಕ್ಕಿನ ತೂತು. ಒಂದು ಕಾಲು ಗಿಡ್ಡ, ಅದರಡಿಗೆ ಹೆಂಚಿನ ಚೂರು. ಮಾಂಸ ಇಡುವ ಕಂಬಿಗಳನ್ನು ಮೇಲೆ ಕೆಳಗೆ ಮಾಡುವ ಹಿಡಿಕೆ ತಿರುಗಿಸಿದರೆ ಎಡಬದಿ ಏರುತ್ತಿತ್ತು, ಬಲಬದಿ ಯೋಚನೆ ಮಾಡುತ್ತಿತ್ತು.

"ಇದನ್ನ ಹೊತ್ಕೊಂಡು ಬಂದಿದ್ದಕ್ಕೆ ಅವಳೇ ನಿನಗೆ ಪರದೆ ಹೊಲಿದುಕೊಡಬೇಕಿತ್ತು," ಎಂದ ಎರ್ಮಿನಿಯಾಳ ತಮ್ಮ ಓರೆಸ್ತೆ. ಪ್ರತಿ ಭಾನುವಾರ ಬರಿಗೈಯಲ್ಲಿ ಬಂದು ಅಭಿಪ್ರಾಯ ಕೊಟ್ಟು ಹೋಗುವುದು ಅವನ ಪದ್ಧತಿ.

ಗುರುವಾರ ಅನ್ಸೆಲ್ಮೊ ನಿವೃತ್ತರ ಸಂಘದ ಮಣ್ಣಂಗಳದಲ್ಲಿ ಚೆಂಡು ಉರುಳಿಸುವ ಆಟಕ್ಕೆ ಹೋಗುತ್ತಾನೆ. ಊಟವೂ ಅಲ್ಲೇ, ಮನೆಗೆ ಬರುವುದು ನಾಲ್ಕಕ್ಕೆ. ಸೆಪ್ಟೆಂಬರಿನ ಒಂದು ಗುರುವಾರ, ಈ ಒಲೆಯನ್ನು ಇಟ್ಟುಕೊಳ್ಳಬೇಕೋ ಬೇಡವೋ ನೋಡಿಯೇ ಬಿಡೋಣ ಎಂದು ಎರ್ಮಿನಿಯಾ ಅದರೊಳಗೆ ಇದ್ದಿಲು ಸುರಿದಳು. ಉರಿ ಇಳಿಯುವ ತನಕ ಕಾದಳು. ಕೆಂಡದ ಮೇಲೆ ಬಿಳಿ ಬೂದಿ ಕೂರುವ ತನಕ ಕಾದಳು. ಆಮೇಲೆ ಕಂಬಿಗಳ ಮೇಲೆ ಅಂಗೈ ಚಾಚಿ ಎಣಿಸಿದಳು. ಏಳಕ್ಕೆ ಕೈ ತಡೆಯಲಾರದೆ ಎಳೆದುಕೊಂಡಳು. ಅವಳಪ್ಪ ಕೆಂಡದ ಹದ ನೋಡಲು ಹೀಗೇ ಎಣಿಸುತ್ತಿದ್ದ. ಅನ್ಸೆಲ್ಮೊ ಎಂದೂ ಎಣಿಸಿದವನಲ್ಲ. ನೆಂಟರು ಬೆನ್ನ ಹಿಂದೆ ಬಂದು ನಿಂತರೆ ಅವನಿಗೆ ಕೈಕಾಲು ಆಡುವುದಿಲ್ಲ, ಉರಿ ಇನ್ನೂ ಕುಣಿಯುತ್ತಿರುವಾಗಲೇ ಮಾಂಸ ಹಾಕಿಬಿಡುತ್ತಾನೆ.

ಕಂಬಿಗಳು ಓರೆಯಾಗಿದ್ದದ್ದೇ ಒಳ್ಳೆಯದಾಯಿತು. ದಪ್ಪ ತುಂಡುಗಳು ತಗ್ಗಿನ ಕಡೆಗೆ ಹೋದವು, ತೆಳು ತುಂಡುಗಳು ಎತ್ತರದ ಕಡೆಗೆ. ತೂತಿನಿಂದ ಹೊಗೆ ಹದವಾಗಿ ಹೊರಗೆ ಹೋಗುತ್ತಿತ್ತು. ಎರಡು ಗಂಟೆ ಬಿಟ್ಟು ಎರ್ಮಿನಿಯಾ ಒಂದು ಪಕ್ಕೆಲುಬನ್ನು ನಿಂತಲ್ಲೇ ತಿಂದಳು. ಚಾಕು ಬೇಕಾಗಲಿಲ್ಲ. ಮೂವತ್ತೊಂದು ವರ್ಷದ ಭಾನುವಾರಗಳನ್ನು ನೆನೆದು ಅವಳಿಗೆ ಅಳು ಬಂತು. ಅಳುತ್ತಲೇ ಇನ್ನೊಂದನ್ನೂ ತಿಂದಳು.

ತೊಂದರೆ ಶುರುವಾದದ್ದು ಆಮೇಲೆ. ಒಲೆ ಚೆನ್ನಾಗಿದೆ ಎಂದರೆ ಗಂಡನಿಗೆ ಸುಡಲು ಬರುವುದಿಲ್ಲ ಎಂದು ಎಲ್ಲರೆದುರು ಹೇಳಿದ ಹಾಗೆ. ಬಸ್ಸು ಓಡಿಸುವುದು ನಿಂತ ಮೇಲೆ ಆ ಮನುಷ್ಯನಿಗೆ ಉಳಿದಿದ್ದ ಗೌರವ ಭಾನುವಾರದ ಆ ಚಪ್ಪಾಳೆ ಒಂದೇ. ಒಲೆ ಕೆಟ್ಟದ್ದು ಎಂದರೆ ಒಲೆ ಹೋಗುತ್ತದೆ, ಅದರ ಜೊತೆ ಅವಳ ಗುರುವಾರವೂ ಹೋಗುತ್ತದೆ. ಯಾವುದನ್ನೂ ತೀರ್ಮಾನಿಸದೆ ಅವಳು ಒಂಬತ್ತು ಗುರುವಾರ ತಿಂದಳು.

ನವೆಂಬರಿನ ಒಂದು ಭಾನುವಾರ ಮಾಂಸ ಬಂತು, ಚಪ್ಪಾಳೆಯಾಯಿತು. ಮಗಳು ಗ್ರಿಸೆಲ್ದಾ ತನ್ನ ತುಂಡನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸಿ, ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಓರೆಸ್ತೆ ಚಾಕು ಕೆಳಗಿಟ್ಟ.

"ನಿಮ್ಮ ತಪ್ಪಲ್ಲ ಬಿಡಿ ಭಾವ. ಆ ಡಬ್ಬದಲ್ಲಿ ಸುಟ್ರೆ ದೇವರೂ ಸೋಲ್ತಾನೆ. ನಾಳೆ ಗುಜರಿಯವನು ಬರ್ತಾನೆ, ನಾನೇ ಹೇಳಿ ಕಳಿಸ್ತೀನಿ, ಕೊಟ್ಬಿಡಿ."

"ಕಾಲೊಂದು ಗಿಡ್ಡ ಇದೆ," ಎಂದ ಅನ್ಸೆಲ್ಮೊ, ತಟ್ಟೆಯನ್ನೇ ನೋಡುತ್ತ.

"ಇದ್ದಿಲು ಸರಿ ಇರಲಿಲ್ವೇನೋ," ಎಂದಳು ಎರ್ಮಿನಿಯಾ.

"ಅಕ್ಕ, ಹೋದ ವಾರ ಗಾಳಿ ಸರಿ ಇರಲಿಲ್ಲ ಅಂದೆ. ಅದರ ಹಿಂದಿನ ವಾರ ಹಸುನೇ ಸರಿ ಇರಲಿಲ್ಲ ಅಂದೆ. ಒಲೆ ಪರವಾಗಿ ಇಷ್ಟು ವಾದ ಮಾಡ್ತೀಯಲ್ಲ, ಅದೇನು ನಿನಗೆ ಲಂಚ ಕೊಟ್ಟಿದೆಯಾ?"

ಕೊಟ್ಟಿತ್ತು, ಒಂಬತ್ತು ಸಲ. ಎರ್ಮಿನಿಯಾ ಸೊಪ್ಪಿನ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು.

ಓರೆಸ್ತೆ ಹೇಳಿದ ಕೆಲಸ ಮಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ಸೋಮವಾರ ಹತ್ತು ಗಂಟೆಗೆಲ್ಲ ಬೀದಿ ತುದಿಯಲ್ಲಿ ಮೈಕು ಕೇಳಿಸಿತು: "ಹಳೇ ಫ್ರಿಜ್ಜು, ಹಳೇ ಬ್ಯಾಟರಿ, ಹಾಸಿಗೆ, ಕಬ್ಬಿಣ ಕೊಡೀ ಅಮ್ಮಾ!" ಗುಜರಿಯವನು ನೇರ ಹಿತ್ತಲಿಗೆ ಬಂದ, ಮುಚ್ಚಳ ಎತ್ತಿ ಬೆರಳಿನಿಂದ ಡ್ರಮ್ಮನ್ನು ತಟ್ಟಿ ನೋಡಿದ.

"ದಪ್ಪ ತಗಡು ಅಮ್ಮಾ, ಈಗೆಲ್ಲಿ ಸಿಗುತ್ತೆ ಇಂಥದ್ದು? ಏನಾಗಿದೆ ಅಂತ ಕೊಡ್ತಿದೀರ?"

ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಪಕ್ಕದಲ್ಲಿ ಅನ್ಸೆಲ್ಮೊ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಮುಂಚಿನ ಮೂರು ಒಲೆಗಳನ್ನು ಸಾಗಿಸುವಾಗಲೂ ಹೀಗೇ ನಿಂತಿದ್ದ. ಅವಳಿಗೆ ಅವನ ಮೇಲೆ ಕೋಪ ಬಂತು, ಅದಕ್ಕಿಂತ ಜಾಸ್ತಿ ಅಯ್ಯೋ ಅನ್ನಿಸಿತು.

"ಹಳೇದಾಯ್ತು," ಎಂದಳು. "ತಗೊಂಡು ಹೋಗಪ್ಪ."

ಗುಜರಿಯವನು ಒಲೆಯನ್ನು ತಬ್ಬಿ ಎತ್ತಿದ.

"ಇಳಿಸಯ್ಯ ಅದನ್ನ," ಎಂದ ಅನ್ಸೆಲ್ಮೊ.

"ಅಮ್ಮನೋರು ತಗೊಂಡ್ಹೋಗು ಅಂದ್ರಲ್ಲ?"

"ಅವಳು ನನ್ನ ಮುಖ ನೋಡ್ಕೊಂಡು ಹೇಳಿದ್ದು. ಇಳಿಸು."

ಬಂದವನು ಬರಿಗೈಯಲ್ಲಿ ಹೋಗಬಾರದೆಂದು ಅನ್ಸೆಲ್ಮೊ ಕೆಟ್ಟುಹೋದ ಇಸ್ತ್ರಿಪೆಟ್ಟಿಗೆಯೊಂದನ್ನು ಹುಡುಕಿ ಕೊಟ್ಟ. ಮೈಕಿನ ಸದ್ದು ಪಕ್ಕದ ಬೀದಿಗೆ ಹೋಯಿತು.

"ಮುದುಕೀ," ಎಂದ ಅನ್ಸೆಲ್ಮೊ. "ಹೋದ ತಿಂಗಳು ರಾತ್ರಿ ಎಲ್ಲ ಮಳೆ ಬಂದು ಆಟದ ಅಂಗಳ ಕೆಸರಾಗಿತ್ತು. ಸಂಘಾನೇ ತೆಗೀಲಿಲ್ಲ. ಆ ಗುರುವಾರ ಬೇಗ ವಾಪಸ್ ಬಂದೆ. ಗೋಡೆ ಆಚೆಗೇ ಘಮ್ ಅಂತಿತ್ತು. ಗೇಟಿನ ಸಂದೀಲಿ ನೋಡಿದೆ."

ಎರ್ಮಿನಿಯಾ ಕೂತುಬಿಟ್ಟಳು. "ಒಳಗೆ ಬರೋದಲ್ವಾ?"

"ನೀನು ಕೈ ಚಾಚ್ಕೊಂಡು ಎಣಿಸ್ತಾ ಇದ್ದೆ. ಯಾರೂ ಅವಸರ ಮಾಡ್ತಾ ಇರಲಿಲ್ಲ ನಿನ್ನನ್ನ. ಅಷ್ಟು ನೆಮ್ಮದೀಲಿ ನಿನ್ನ ನೋಡಿ ಎಷ್ಟು ವರ್ಷ ಆಗಿತ್ತೋ. ಬಸ್‌ಸ್ಟಾಪಿಗೆ ಹೋಗಿ ನಾಲ್ಕು ಗಂಟೆವರೆಗೂ ಕೂತಿದ್ದೆ."

"ಊಟ?"

"ಆಗಲಿಲ್ಲ."

ಅವಳು ಒಂದು ಸಲ ಮೂಗೊರೆಸಿಕೊಂಡಳು. ಅವನು ಬಗ್ಗಿ, ಎತ್ತಿ ಇಳಿಸುವಾಗ ಸರಿದಿದ್ದ ಹೆಂಚಿನ ಚೂರನ್ನು ಗಿಡ್ಡ ಕಾಲಿನಡಿಗೆ ಮತ್ತೆ ತಳ್ಳಿದ.

"ಭಾನುವಾರ ನನಗೇ ಇರಲಿ," ಎಂದ, ತಲೆ ಎತ್ತದೆ. "ಇಲ್ಲಾಂದ್ರೆ ನಿನ್ನ ತಮ್ಮನ ಮುಂದೆ ತಲೆ ಎತ್ತಕ್ಕಾಗಲ್ಲ. ಗುರುವಾರ ನನಗೂ ಒಂದು ತುಂಡು ಇಡು."

"ಹನ್ನೆರಡಕ್ಕೆಲ್ಲ ಬಾ," ಎಂದಳು ಎರ್ಮಿನಿಯಾ. "ಹಿಂದೆ ಬಂದು ನಿಲ್ಲಬೇಡ, ಅಷ್ಟೆ."